ಹಕ್ಕಿ ಫೋಟೊಗೆ ಯಾವ ಲೆನ್ಸ್? ಕೊಳ್ಳುವ ಮುನ್ನ, ಕೊಂಡ ಮೇಲೆ

"ಸರ್, ಹಕ್ಕಿ ಫೋಟೊ ತೆಗೀಬೇಕು, ಯಾವ ಲೆನ್ಸ್ ತಗೊಳ್ಳಲಿ?" ಈ ಪ್ರಶ್ನೆ ಬಂದಾಗಲೆಲ್ಲ ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಈಗ ಯಾವ ಕ್ಯಾಮೆರಾ ಇದೆ? ವಾರಕ್ಕೊಮ್ಮೆ ಹೋಗಿಬರಲು ಆಗುವ ಜಾಗ ಯಾವುದು? ಎರಡು ಕೆ.ಜಿ. ಹೊತ್ತು ಎರಡು ಗಂಟೆ ನಡೆಯುತ್ತೀರಾ? ಇವಕ್ಕೆ ಉತ್ತರ ಸಿಕ್ಕರೆ ಲೆನ್ಸಿನ ಹೆಸರು ಹೇಳುವುದು ಸುಲಭ. ಬಹಳ ಜನ ಲೆನ್ಸ್ ಮೊದಲು ಕೊಂಡು, ಈ ಪ್ರಶ್ನೆಗಳಿಗೆ ಆಮೇಲೆ ಬರುತ್ತಾರೆ. ಅಷ್ಟು ಹೊತ್ತಿಗೆ ಲೆನ್ಸ್ ಬೀರು ಸೇರಿರುತ್ತದೆ.

ಈ ಲೇಖನ ಈಗಷ್ಟೇ ಶುರು ಮಾಡುವವರಿಗೆ, ಮತ್ತು ಕ್ಯಾಮೆರಾ ಜೊತೆ ಬಂದ ಲೆನ್ಸಿನಲ್ಲಿ ಕಾಗೆ, ಗೊರವಂಕ ತೆಗೆದು ಸಾಕಾಗಿರುವವರಿಗೆ. ಮದುವೆ ಫೋಟೊದಲ್ಲಿ ಪಳಗಿದವರೂ ಓದಬಹುದು. "ಸ್ವಲ್ಪ ಈ ಕಡೆ ತಿರುಗಿ" ಅಂದರೆ ಹಕ್ಕಿ ತಿರುಗುವುದಿಲ್ಲ ಅಲ್ವಾ, ಅಲ್ಲಿಂದಲೇ ಲೆಕ್ಕ ಬೇರೆಯಾಗುತ್ತದೆ.

ಏನೇನು ಬೇಕು

ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ, ಅಥವಾ ಉದ್ದ ಜೂಮ್ ಇರುವ ಬ್ರಿಡ್ಜ್ ಕ್ಯಾಮೆರಾ. ಕಡಿಮೆ ಅಂದರೂ 300 ಎಂಎಂ ಮುಟ್ಟುವ ಲೆನ್ಸ್ (ಈ ಅಂಕಿ ಹೆಚ್ಚಾದಷ್ಟೂ ಹಕ್ಕಿ ದೊಡ್ಡದಾಗಿ ಕಾಣುತ್ತದೆ, ಲೆಕ್ಕ ಹಂತ 2ರಲ್ಲಿದೆ). ಒಂದು ಹೆಚ್ಚುವರಿ ಬ್ಯಾಟರಿ, ವೇಗದ ಮೆಮೊರಿ ಕಾರ್ಡ್, ಮೃದು ಬಟ್ಟೆ. ಮಣ್ಣು ಅಥವಾ ಎಲೆ ಬಣ್ಣದ ಮಾಸಲು ಅಂಗಿ, ಟೋಪಿ, ನೀರು. ಸಾಧ್ಯವಾದರೆ 8x42 ದುರ್ಬೀನು. ಇಲ್ಲಿ 8 ಅಂದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ, 42 ಅಂದರೆ ಮುಂದಿನ ಗಾಜಿನ ಅಗಲ ಎಂಎಂ ಲೆಕ್ಕದಲ್ಲಿ. ಟ್ರೈಪಾಡ್ ಸದ್ಯಕ್ಕೆ ಬೇಡ. ಮೊದಲ ವರ್ಷ ಅದು ಕಾರಿನ ಡಿಕ್ಕಿಯಲ್ಲೇ ಉಳಿಯುವುದು ಜಾಸ್ತಿ.

ಹಂತ 1: ಜಾಗ ಮೊದಲು, ಲೆನ್ಸ್ ಆಮೇಲೆ

ನೀವು ಪದೇ ಪದೇ ಹೋಗುವ ಜಾಗ ಯಾವುದು ಅಂತ ಬರೆದುಕೊಳ್ಳಿ. ಎಂದೋ ಒಮ್ಮೆ ಹೋಗುವ ಭರತಪುರ, ಹಿಮಾಲಯದ ಲೆಕ್ಕ ಈಗ ಬೇಡ. ಅಂಥ ಪ್ರವಾಸಕ್ಕೆ ಬಾಡಿಗೆ ಲೆನ್ಸ್ ಸಿಗುತ್ತದೆ.

ರಂಗನತಿಟ್ಟಿನಲ್ಲಿ ದೋಣಿ ಹಕ್ಕಿಗಳ ಹತ್ತಿರವೇ ಹೋಗುತ್ತದೆ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಚಮಚದ ಕೊಕ್ಕು ಎಲ್ಲವೂ ದೊಡ್ಡ ಹಕ್ಕಿಗಳು. ಅಲ್ಲಿ 600 ಎಂಎಂ ಹಿಡಿದು ಕೂತರೆ ರೆಕ್ಕೆ ಚೌಕಟ್ಟಿನಿಂದ ಆಚೆ ಹೋಗುತ್ತದೆ. ದೋಣಿ ಬೇರೆ ಅಲುಗುತ್ತಿರುತ್ತದೆ. 70-300 ಅಥವಾ 100-400 ಜೂಮ್ ಅಲ್ಲಿಗೆ ಧಾರಾಳ ಸಾಕು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರೂ ಹಾಗೇ. ಹಕ್ಕಿಗಳು ಊರೊಳಗಿನ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ರಸ್ತೆಯಲ್ಲಿ ನಿಂತು ತಲೆ ಎತ್ತಿದರೆ ಆಯಿತು.

ಊರಿನ ಕೆರೆಗಳಲ್ಲಿ ಹಕ್ಕಿಗಳಿಗೆ ಮನುಷ್ಯರ ಅಭ್ಯಾಸ ಇರುತ್ತದೆ. ಬೆಂಗಳೂರಿನ ಕೈಕೊಂಡ್ರಹಳ್ಳಿ, ಮೈಸೂರಿನ ಕುಕ್ಕರಹಳ್ಳಿ ಕೆರೆಗಳಲ್ಲಿ ಬೆಳಗ್ಗೆ ವಾಕಿಂಗ್ ಬರುವವರನ್ನು ನೀರುಕಾಗೆಯಾಗಲಿ ಬೆಳ್ಳಕ್ಕಿಯಾಗಲಿ ಅಷ್ಟಾಗಿ ಲೆಕ್ಕಕ್ಕಿಡುವುದಿಲ್ಲ. ಇಲ್ಲಿ 300ರಿಂದ 400 ಎಂಎಂನಲ್ಲಿ ಒಳ್ಳೆಯ ಕೆಲಸ ಆಗುತ್ತದೆ.

ಬಯಲು ಬೇರೆ. ಹೆಸರಘಟ್ಟದ ಹುಲ್ಲುಗಾವಲಿನ ಮೇಲೆ ಚಳಿಗಾಲದಲ್ಲಿ ಹಾರುವ ಹ್ಯಾರಿಯರ್ ಗಿಡುಗ ನೀವು ಅದನ್ನು ನೋಡುವ ಮೊದಲೇ ನಿಮ್ಮನ್ನು ನೋಡಿರುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆಯ ಹೆಬ್ಬಾತುಗಳು ದಡದಿಂದ ದೂರ ನೀರಿನ ನಡುವೆ ಕೂರುತ್ತವೆ. ಇಂಥ ಕಡೆ 500, 600 ಎಂಎಂ ಇಲ್ಲದಿದ್ದರೆ ಬೇಸರವಾಗುತ್ತದೆ.

ಮಲೆನಾಡಿನ ಕಾಡಿನಲ್ಲಿ ತೊಂದರೆ ದೂರದ್ದಲ್ಲ, ಬೆಳಕಿನದ್ದು. ಮರದ ನೆರಳಲ್ಲಿ ಬೆಳಗ್ಗೆ ಎಂಟಕ್ಕೂ ಕತ್ತಲು. ಅಲ್ಲಿ ಜಾಸ್ತಿ ಬೆಳಕು ಒಳಬಿಡುವ ಲೆನ್ಸಿಗೆ ಬೆಲೆ. ದಾಂಡೇಲಿ ಬಳಿಯ ಗಣೇಶಗುಡಿಯಲ್ಲಿ ಹಕ್ಕಿಗಳು ಸ್ನಾನಕ್ಕೆ ಬರಲೆಂದು ನೀರಿನ ತೊಟ್ಟಿಗಳನ್ನು ಇಟ್ಟಿದ್ದಾರೆ. ಹಕ್ಕಿ ಕೆಲವೇ ಮೀಟರ್ ಹತ್ತಿರ ಬರುತ್ತದೆ, 300 ಎಂಎಂಗೂ ತುಂಬಿಕೊಳ್ಳುತ್ತದೆ.

ಎಚ್ಚರ: ಲೆನ್ಸಿನ ಉದ್ದ ನೋಡಿ ಕ್ಯಾಮೆರಾ ಶುಲ್ಕ ಹಾಕುವ ಅಭಯಾರಣ್ಯಗಳಿವೆ. ಹೊರಡುವ ಮುನ್ನ ಕೇಳಿಕೊಳ್ಳಿ.

ಹಂತ 2: ಎಂಎಂ ಲೆಕ್ಕವನ್ನು ನೀವೇ ಮಾಡಿ

ಫೋಕಲ್ ಲೆಂಗ್ತ್ ಅಂದರೆ ಲೆನ್ಸ್ ಎಷ್ಟು ಕಿರಿದಾದ ನೋಟವನ್ನು ಹಿಡಿದು ದೊಡ್ಡದಾಗಿ ತೋರಿಸುತ್ತದೆ ಅನ್ನುವ ಅಳತೆ. ಅಂಕಿ ಹೆಚ್ಚಾದಷ್ಟೂ ಹಕ್ಕಿ ದೊಡ್ಡದು. ಜಾಹೀರಾತು ನಂಬುವ ಬದಲು ಒಂದು ಸಣ್ಣ ಲೆಕ್ಕ ಕಲಿತರೆ ಸಾವಿರಾರು ರೂಪಾಯಿ ಉಳಿಯುತ್ತದೆ.

ನಿಮ್ಮ ಕ್ಯಾಮೆರಾದ ಸೆನ್ಸರ್, ಅಂದರೆ ಚಿತ್ರ ಮೂಡುವ ಚಿಪ್, ಎಷ್ಟು ಅಗಲ ಅಂತ ನೋಡಿ. ಫುಲ್ ಫ್ರೇಮ್ ಆದರೆ 36 ಎಂಎಂ. ಅದಕ್ಕಿಂತ ಚಿಕ್ಕದಾದ ಕ್ರಾಪ್ ಸೆನ್ಸರ್ ಆದರೆ ಸುಮಾರು 23.5 ಎಂಎಂ, ಕ್ಯಾನನ್‌ನಲ್ಲಿ ಇನ್ನೊಂಚೂರು ಕಡಿಮೆ. ಈ ಅಗಲವನ್ನು ಲೆನ್ಸಿನ ಎಂಎಂನಿಂದ ಭಾಗಿಸಿ, ಹಕ್ಕಿ ಇರುವ ದೂರದಿಂದ ಗುಣಿಸಿ. ಅಷ್ಟು ದೂರದಲ್ಲಿ ಚೌಕಟ್ಟು ಎಷ್ಟು ಅಗಲ ಹಿಡಿಯುತ್ತದೆ ಅಂತ ಸಿಗುತ್ತದೆ.

ಕ್ರಾಪ್ ಸೆನ್ಸರ್, 300 ಎಂಎಂ ಲೆನ್ಸ್, ಹಕ್ಕಿ 10 ಮೀಟರ್ ದೂರ ಅಂದುಕೊಳ್ಳಿ. 23.5 ಭಾಗಿಸು 300, ಗುಣಿಸು 10. ಉತ್ತರ ಸುಮಾರು 0.78 ಮೀಟರ್. ಗೊರವಂಕ 25 ಸೆಂ.ಮೀ. ಆಸುಪಾಸು ಇರುತ್ತದೆ. ಅಂದರೆ ಚೌಕಟ್ಟಿನ ಮೂರನೇ ಒಂದು ಭಾಗ. ಚೆನ್ನಾಗಿದೆ! ಸೂರಕ್ಕಿ 10 ಸೆಂ.ಮೀ. ಅಷ್ಟೇ. ಅದು ಎಂಟನೇ ಒಂದು ಭಾಗ. ಅದೇ ಗೊರವಂಕ 30 ಮೀಟರ್ ದೂರ ಹೋದರೆ ಚೌಕಟ್ಟು 2.35 ಮೀಟರ್ ಅಗಲ, ಹಕ್ಕಿ ಅದರ ಹತ್ತನೇ ಒಂದು ಭಾಗ. ಯಾವ ಹಕ್ಕಿ ಅಂತ ಗುರುತಿಸಲು ಸಾಕು, ಗೋಡೆಗೆ ಹಾಕಲು ಸಾಲದು.

ಈ ಲೆಕ್ಕದಲ್ಲಿ ಇನ್ನೊಂದು ಮಾತು ಅಡಗಿದೆ. ದೂರವನ್ನು ಅರ್ಧ ಮಾಡಿದರೆ ಲೆನ್ಸ್ ದುಪ್ಪಟ್ಟು ಆದಂತೆ. 20 ಮೀಟರಿನಿಂದ 10 ಮೀಟರಿಗೆ ಬಂದರೆ ನಿಮ್ಮ 300 ಎಂಎಂ ಪುಕ್ಕಟೆಯಾಗಿ 600 ಎಂಎಂ ಕೆಲಸ ಮಾಡುತ್ತದೆ. ಮೇಲಾಗಿ ನಡುವಿನ ಗಾಳಿ, ದೂಳು, ಬಿಸಿಯೂ ಅರ್ಧವಾಗುವುದರಿಂದ ಪುಕ್ಕಗಳ ಎಳೆ ಚೆನ್ನಾಗಿ ಬರುತ್ತದೆ. ಹಾಗಾಗಿ ಈ ಲೇಖನದಲ್ಲಿ ಲೆನ್ಸಿಗಿಂತ ಹತ್ತಿರ ಹೋಗುವ ಹಂತಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಎಚ್ಚರ: ಬ್ರಿಡ್ಜ್ ಕ್ಯಾಮೆರಾದ ಮೇಲೆ "3000 ಎಂಎಂ" ಅಂತ ಕಂಡರೆ ಅದು ಫುಲ್ ಫ್ರೇಮಿಗೆ ಹೋಲಿಸಿ ಹೇಳಿದ ಅಂಕಿ. ನಿಕಾನ್ ಪಿ1000ದಲ್ಲಿ ನಿಜವಾದ ಫೋಕಲ್ ಲೆಂಗ್ತ್ 539 ಎಂಎಂ. ಸೆನ್ಸರ್ ಬೆರಳಿನ ಉಗುರಿಗಿಂತ ಚಿಕ್ಕದು. ಬಿಸಿಲಿನಲ್ಲಿ ಚೆಂದದ ಫೋಟೊ ಕೊಡುತ್ತದೆ, ಸಂಜೆಗೆ ಸೋಲುತ್ತದೆ.

ಹಂತ 3: ಲೆನ್ಸಿನ ಮೇಲಿನ ಉಳಿದ ಅಂಕಿಗಳನ್ನು ಓದಿ

ಎಫ್ 5.6, ಎಫ್ 6.3 ಅನ್ನುವುದು ಅಪರ್ಚರ್, ಅಂದರೆ ಬೆಳಕು ಬರುವ ಕಿಂಡಿಯ ಅಳತೆ. ಅಂಕಿ ಚಿಕ್ಕದಾದರೆ ಕಿಂಡಿ ದೊಡ್ಡದು. ಎಫ್ 4ರಿಂದ ಎಫ್ 5.6ಕ್ಕೆ ಹೋದರೆ ಬೆಳಕು ಅರ್ಧ, ಎಫ್ 8ಕ್ಕೆ ಹೋದರೆ ಮತ್ತೆ ಅರ್ಧ. ಹೀಗೆ ಅರ್ಧವಾಗುವ ಒಂದೊಂದು ಮೆಟ್ಟಿಲಿಗೆ ಸ್ಟಾಪ್ ಅನ್ನುತ್ತಾರೆ. 5.6ಕ್ಕೂ 6.3ಕ್ಕೂ ಇರುವ ವ್ಯತ್ಯಾಸ ಸ್ಟಾಪಿನ ಮೂರನೇ ಒಂದು ಭಾಗ ಮಾತ್ರ. ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ.

ಎಲ್ಲರೂ ಆಸೆಪಡುವ 600 ಎಂಎಂ ಎಫ್ 4 ಯಾಕೆ ಅಷ್ಟು ದುಬಾರಿ ಗೊತ್ತಾ? 600 ಭಾಗಿಸು 4, ಅಂದರೆ 150 ಎಂಎಂ. ಕಿಂಡಿ ಅಷ್ಟು ಅಗಲ ಬೇಕು ಅಂದರೆ ಮುಂದಿನ ಗಾಜು ಅದಕ್ಕಿಂತ ಕಡಿಮೆ ಇರುವಂತಿಲ್ಲ. ಅಷ್ಟು ದೊಡ್ಡ ಗಾಜನ್ನು ದೋಷವಿಲ್ಲದೆ ಮಾಡುವ ಖರ್ಚೇ ಬೆಲೆಯನ್ನು ಹತ್ತು ಲಕ್ಷ ದಾಟಿಸುತ್ತದೆ, ತೂಕವನ್ನು ಮೂರು ಕೆ.ಜಿ. ಸುತ್ತ ಒಯ್ಯುತ್ತದೆ.

ವಿಆರ್, ಐಎಸ್, ಒಎಸ್‌ಎಸ್, ಒಎಸ್, ವಿಸಿ ಇವೆಲ್ಲ ಒಂದೇ ಸಂಗತಿಗೆ ಬೇರೆ ಬೇರೆ ಕಂಪನಿ ಇಟ್ಟ ಹೆಸರು. ನಿಮ್ಮ ಕೈ ನಡುಗಿದ್ದನ್ನು ಸರಿದೂಗಿಸುವ ವ್ಯವಸ್ಥೆ. ಹಕ್ಕಿ ತಲೆ ಅಲ್ಲಾಡಿಸಿದ್ದನ್ನು ಇದು ನಿಲ್ಲಿಸುವುದಿಲ್ಲ. ಅದಕ್ಕೆ ಶಟರ್ ವೇಗವೇ ಬೇಕು, ಅಂದರೆ ಬೆಳಕಿನ ಬಾಗಿಲು ಬೇಗ ತೆರೆದು ಮುಚ್ಚಬೇಕು.

ಕನಿಷ್ಠ ಫೋಕಸ್ ದೂರ ಅಂತ ಇನ್ನೊಂದು ಅಂಕಿ ಇರುತ್ತದೆ. ಯಾರೂ ನೋಡುವುದಿಲ್ಲ. ಅದಕ್ಕಿಂತ ಹತ್ತಿರ ಇರುವ ಹಕ್ಕಿ ಮಸುಕಾಗಿಯೇ ಬರುತ್ತದೆ. ಕ್ಯಾನನ್ ಹಳೆಯ 400 ಎಂಎಂ ಎಫ್ 5.6 ಲೆನ್ಸಿನಲ್ಲಿ ಇದು 3.5 ಮೀಟರ್, ನಿಕಾನ್ 200-500ರಲ್ಲಿ 2.2 ಮೀಟರ್. ಮನೆಯ ದಾಸವಾಳಕ್ಕೆ ಬರುವ ಸೂರಕ್ಕಿ ತೆಗೆಯುವವರಿಗೆ ಈ ವ್ಯತ್ಯಾಸ ದೊಡ್ಡದು.

ಹಂತ 4: ಜೇಬು ನೋಡಿ ಆರಿಸಿ

ಬೆಲೆ ತಿಂಗಳು ತಿಂಗಳಿಗೂ ಬದಲಾಗುವುದರಿಂದ ರೂಪಾಯಿ ಬರೆಯುವುದಿಲ್ಲ. ಸಾಲು ಮಾತ್ರ ಹೇಳುತ್ತೇನೆ.

ಕೈಯಲ್ಲಿ ಈಗಾಗಲೇ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಹಳೆಯ ಬಗೆಯ ಕ್ಯಾಮೆರಾ) ಇದ್ದು ದುಡ್ಡು ಕಡಿಮೆ ಇದ್ದರೆ: ಕ್ಯಾನನ್ 55-250 ಎಸ್‌ಟಿಎಂ ಅಥವಾ ನಿಕಾನ್ 70-300. ಇವು ಹಗುರ, ಅಗ್ಗ. ಕಲಿಯಲು ಬೇಕಾದ್ದೆಲ್ಲ ಇವುಗಳಲ್ಲಿದೆ.

ಇನ್ನೊಂದು ಮೆಟ್ಟಿಲು ಮೇಲೆ: ಸಿಗ್ಮಾ 150-600 ಕಂಟೆಂಪರರಿ, ಟ್ಯಾಮ್ರಾನ್ 150-600 ಜಿ2, ನಿಕಾನ್ 200-500 ಎಫ್ 5.6. ಮೂರೂ ಎರಡು ಕೆ.ಜಿ. ಆಸುಪಾಸು, ನಿಕಾನ್ 2.3. ಮಿರರ್‌ಲೆಸ್ ಕ್ಯಾಮೆರಾ, ಅಂದರೆ ಕನ್ನಡಿ ಇಲ್ಲದ ಹೊಸ ಬಗೆ, ಬಂದ ಮೇಲೆ ಬಹಳ ಜನ ಇವನ್ನು ಮಾರುತ್ತಿದ್ದಾರೆ. ನನ್ನನ್ನು ಕೇಳಿದರೆ ಸೆಕೆಂಡ್ ಹ್ಯಾಂಡ್ ನಿಕಾನ್ ಡಿ7200 ಅಥವಾ ಡಿ500 ಜೊತೆ 200-500, ಕೊಟ್ಟ ದುಡ್ಡಿಗೆ ಇಷ್ಟು ಕೊಡುವ ಜೋಡಿ ಇನ್ನೊಂದಿಲ್ಲ. ಹಾರುವ ಹಕ್ಕಿಯೇ ನಿಮ್ಮ ಹುಚ್ಚಾದರೆ ಕ್ಯಾನನ್ 400 ಎಂಎಂ ಎಫ್ 5.6 ನೋಡಿ. 1.25 ಕೆ.ಜಿ. ಅಷ್ಟೇ. ನಡುಕ ತಡೆಯುವ ವ್ಯವಸ್ಥೆ ಇಲ್ಲ, ಆದರೆ ಹಾರಾಟಕ್ಕೆ ಅದು ಬೇಕಾಗುವುದೂ ಕಡಿಮೆ.

ಮಿರರ್‌ಲೆಸ್ ಕೊಳ್ಳುವವರಿಗೆ: ಸೋನಿ 200-600, ನಿಕಾನ್ ಝಡ್ 180-600, ಕ್ಯಾನನ್ ಆರ್‌ಎಫ್ 100-500 ಅಥವಾ 200-800. ಇವೆಲ್ಲ ಲಕ್ಷದ ಆಚೆ. ನಾನು ಹೆಚ್ಚು ಜನಕ್ಕೆ ಹೇಳುವ ಹೆಸರು ಇವುಗಳ ಚಿಕ್ಕ ತಮ್ಮ, ಕ್ಯಾನನ್ ಆರ್‌ಎಫ್ 100-400. ತೂಕ 635 ಗ್ರಾಂ. 400 ಎಂಎಂನಲ್ಲಿ ಎಫ್ 8 ಆಗುವುದರಿಂದ ಕಾಡಿನ ನೆರಳಿಗೆ ಕಷ್ಟ. ಆದರೆ ಬಸ್ಸಿನಲ್ಲಿ ಓಡಾಡುವವರು, ಹೆಗಲು ನೋವಿರುವವರು, ಅರವತ್ತು ದಾಟಿದವರು ಇದನ್ನು ದಿನಾ ಒಯ್ಯುತ್ತಾರೆ. ದಿನಾ ಒಯ್ಯುವ ಲೆನ್ಸ್ ಜಾಸ್ತಿ ಹಕ್ಕಿ ತೆಗೆಯುತ್ತದೆ.

ಅಂಗಡಿಯಲ್ಲಿ ಎಡವುವ ಜಾಗಗಳು:

ನಿಕಾನ್ ಡಿ3500, ಡಿ5600 ಥರದ ಶುರುವಿನ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟರ್ ಇಲ್ಲ. ತನ್ನೊಳಗೂ ಮೋಟರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್ ಹಾಕಿದರೆ ಕೈಯಲ್ಲೇ ತಿರುಗಿಸಬೇಕು. ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ.

ಟೆಲಿಕನ್ವರ್ಟರ್ ಅಂದರೆ ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಹಾಕುವ, ಚಿತ್ರವನ್ನು 1.4 ಅಥವಾ 2 ಪಟ್ಟು ಹಿಗ್ಗಿಸುವ ತುಂಡು. 1.4ರದ್ದು ಒಂದು ಸ್ಟಾಪ್ ಬೆಳಕು ತಿನ್ನುತ್ತದೆ, 2ರದ್ದು ಎರಡು ಸ್ಟಾಪ್. ಎಫ್ 6.3 ಜೂಮ್‌ಗೆ ಹಾಕಿದರೆ ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಫೋಕಸ್ ತಡಕಾಡುತ್ತದೆ, ಇಲ್ಲವೇ ನಿಂತೇಹೋಗುತ್ತದೆ. ದೊಡ್ಡ ಎಫ್ 2.8, ಎಫ್ 4 ಲೆನ್ಸ್ ಇರುವವರಿಗೆ ಅದು.

ಭಾರತದ ವಾರಂಟಿ ಕಾರ್ಡ್, ಬಿಲ್ಲು ಎರಡೂ ಕೇಳಿ. ವಿದೇಶದಿಂದ ಕೈಮೇಲೆ ತಂದ ಲೆನ್ಸ್ ಅಗ್ಗ ಇರುತ್ತದೆ, ಕೆಟ್ಟಾಗ ಖರ್ಚೆಲ್ಲ ನಿಮ್ಮದು.

ಬಿಲ್ಲಿನ ಜೊತೆ ಅಂಟಿಸುವ ಅಗ್ಗದ ಯುವಿ ಫಿಲ್ಟರ್ ಬೇಡ ಅನ್ನಿ. ಉದ್ದ ಲೆನ್ಸಿನ ಮುಂದೆ ಕಳಪೆ ಗಾಜು ಹಾಕಿದರೆ ಪುಕ್ಕ ಮಸುಕಾಗುತ್ತದೆ. ಮುಂದಿನ ಗಾಜನ್ನು ಕಾಯಲು ಲೆನ್ಸಿನ ಮೂತಿಗೆ ಸಿಕ್ಕಿಸುವ ಕೊಳವೆ, ಅಂದರೆ ಲೆನ್ಸ್ ಹುಡ್ ಸಾಕು.

ಹಂತ 5: ಒಂದು ದಿನ ಬಾಡಿಗೆಗೆ ತನ್ನಿ

ಬೆಂಗಳೂರಿನಂಥ ಊರಿನಲ್ಲಿ ದಿನದ ಲೆಕ್ಕದಲ್ಲಿ ಲೆನ್ಸ್ ಬಾಡಿಗೆಗೆ ಸಿಗುತ್ತದೆ. ಕೊಳ್ಳಬೇಕೆಂದಿರುವ ಲೆನ್ಸನ್ನೇ ತಂದು, ನಿಮ್ಮ ಮಾಮೂಲಿ ಜಾಗದಲ್ಲಿ ಒಂದು ಬೆಳಗ್ಗೆ ಪೂರ್ತಿ ಬಳಸಿ. ಫೋಟೊ ಹೇಗೆ ಬಂತು ಅನ್ನುವುದಕ್ಕಿಂತ ಒಂಬತ್ತು ಗಂಟೆಗೆ ನಿಮ್ಮ ಮೊಣಕೈ ಏನು ಹೇಳುತ್ತದೆ ನೋಡಿ.

ಸೆಕೆಂಡ್ ಹ್ಯಾಂಡ್ ಆದರೆ: ಮೊಬೈಲ್ ಟಾರ್ಚನ್ನು ಹಿಂಬದಿಯಿಂದ ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಅಂದರೆ ಬೂಸ್ಟು. ಎಷ್ಟೇ ಅಗ್ಗವಾದರೂ ಬಿಡಿ. ಸಣ್ಣ ದೂಳಿನ ಕಣಕ್ಕೆ ಹೆದರಬೇಡಿ. ಜೂಮ್ ರಿಂಗ್ ಎಲ್ಲೂ ಸಿಕ್ಕಿಕೊಳ್ಳಬಾರದು. ಹತ್ತಿರ ಒಮ್ಮೆ, ದೂರ ಒಮ್ಮೆ ಫೋಕಸ್ ಮಾಡಿ, ಮೋಟರ್ ಗರಗರ ಅನ್ನುತ್ತದಾ ಕೇಳಿ. ನಿಮ್ಮ ಕ್ಯಾಮೆರಾಕ್ಕೆ ಹಾಕಿ, ಅತಿ ಉದ್ದದ ಜೂಮ್‌ನಲ್ಲಿ ಒಂದಷ್ಟು ಫೋಟೊ ತೆಗೆದು ಮನೆಯ ದೊಡ್ಡ ಪರದೆಯಲ್ಲಿ ನೋಡಿದ ಮೇಲೆ ದುಡ್ಡು ಕೊಡಿ.

ಹಂತ 6: ಕ್ಯಾಮೆರಾವನ್ನು ಹಕ್ಕಿಗೆ ಸಜ್ಜು ಮಾಡಿ

ಇದನ್ನು ಮನೆಯಲ್ಲೇ ಮಾಡಿಟ್ಟುಕೊಳ್ಳಿ. ಹಕ್ಕಿ ಎದುರು ಕೂತಾಗ ಮೆನು ಹುಡುಕಲು ಸಮಯ ಇರುವುದಿಲ್ಲ.

ಫೋಕಸ್ ಮೋಡ್ ನಿರಂತರವಾಗಿರಲಿ. ನಿಕಾನ್, ಸೋನಿಯಲ್ಲಿ ಎಎಫ್-ಸಿ, ಕ್ಯಾನನ್‌ನಲ್ಲಿ ಸರ್ವೊ. ಹಕ್ಕಿ ಸರಿದಂತೆ ಫೋಕಸ್ ಹಿಂಬಾಲಿಸುತ್ತದೆ. ಡಿಎಸ್‌ಎಲ್‌ಆರ್‌ನಲ್ಲಿ ಒಂದೇ ಬಿಂದು ಅಥವಾ ಚಿಕ್ಕ ಗುಂಪು ಆರಿಸಿ, ಕಣ್ಣಿನ ಮೇಲೆ ಇಡಿ. ಹೊಸ ಮಿರರ್‌ಲೆಸ್‌ನಲ್ಲಿ ಹಕ್ಕಿಯ ಕಣ್ಣನ್ನು ತಾನೇ ಹುಡುಕುವ ಆಯ್ಕೆ ಇದ್ದರೆ ಹಾಕಿ. ಪೊದೆಯೊಳಗೆ ಅದು ಎಲೆಯನ್ನೇ ಕಣ್ಣು ಅಂದುಕೊಳ್ಳುತ್ತದೆ, ಆಗ ಒಂದು ಬಿಂದುವಿಗೆ ಮರಳಿ.

ಶಟರ್ ವೇಗವನ್ನು ಕೈಯಲ್ಲಿ ಇಟ್ಟುಕೊಳ್ಳಿ. ಸುಮ್ನೆ ಕೂತ ಬೆಳ್ಳಕ್ಕಿಗೆ 1/500 ಸೆಕೆಂಡ್ ಸಾಕು. ತಲೆ ಆಡಿಸುತ್ತಲೇ ಇರುವ ಪಿಕಳಾರ, ಮಡಿವಾಳ ಹಕ್ಕಿಗೆ 1/1000. ಹಾರುವ ಹೆಜ್ಜಾರ್ಲೆ, ಕೊಕ್ಕರೆಗೆ 1/1600. ಮಿಂಚುಳ್ಳಿ ನೀರಿಗೆ ಬೀಳುವಾಗ, ಕಳ್ಳಿಪೀರ ಹುಳ ಹಿಡಿಯುವಾಗ 1/3200ಕ್ಕೂ ಮೇಲೆ. ಶುರುವಿನಲ್ಲಿ ಸುಲಭದ ದಾರಿ ಇದು: ಮ್ಯಾನ್ಯುಯಲ್ ಮೋಡ್, ಅಪರ್ಚರ್ ಪೂರ್ತಿ ತೆರೆದು, ಶಟರ್ ಮೇಲಿನಂತೆ, ಐಎಸ್‌ಒ ಆಟೊ. ಐಎಸ್‌ಒ ಅಂದರೆ ಕಡಿಮೆ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸುತ್ತದೆ ಅನ್ನುವ ಅಳತೆ. ಅದು 3200 ಆಯಿತು ಅಂತ ಗಾಬರಿಯಾಗಿ ಶಟರ್ ಇಳಿಸುವವರು ಬಹಳ. ಕಾಳುಕಾಳಾದ ಫೋಟೊವನ್ನು ಆಮೇಲೆ ಸಾಫ್ಟ್‌ವೇರಿನಲ್ಲಿ ನಯ ಮಾಡಬಹುದು. ಅಲುಗಿದ ಫೋಟೊಗೆ ಅಷ್ಟು ಸುಲಭದ ಮದ್ದಿಲ್ಲ.

ಬೆಳ್ಳಕ್ಕಿ ಬಿಳಿ ಕಾಗದದ ತುಂಡಿನ ಥರ ಬರುತ್ತದೆ, ಕಾಜಾಣ ಕಪ್ಪು ಮಸಿಯಾಗುತ್ತದೆ ಅನ್ನುವುದು ಎಲ್ಲರ ದೂರು. ಕ್ಯಾಮೆರಾ ಇಡೀ ಚೌಕಟ್ಟಿನ ಸರಾಸರಿ ಬೆಳಕು ನೋಡುತ್ತದೆ. ಕಪ್ಪು ನೀರಿನ ಎದುರು ಚಿಕ್ಕ ಬೆಳ್ಳಕ್ಕಿ ಇದ್ದರೆ ನೀರನ್ನು ಬೆಳಗಿಸಲು ಹೋಗಿ ಹಕ್ಕಿಯನ್ನು ಸುಡುತ್ತದೆ. ಎಕ್ಸ್‌ಪೋಷರ್ ಕಾಂಪನ್ಸೇಷನ್ ಅನ್ನುವ ಪ್ಲಸ್-ಮೈನಸ್ ಗುಂಡಿಯಲ್ಲಿ ಮೈನಸ್ 1ರ ತನಕ ಇಳಿಸಿ. ಬಿಳಿ ಆಕಾಶದ ಎದುರು ಕಾಜಾಣ ಕೂತಿದ್ದರೆ ಪ್ಲಸ್ 1, ಬೇಕಾದರೆ ಇನ್ನೂ ಸ್ವಲ್ಪ ಏರಿಸಿ. ಫೋಟೊವನ್ನು ರಾ ರೂಪದಲ್ಲಿ ಉಳಿಸಿದರೆ, ಅಂದರೆ ಕ್ಯಾಮೆರಾ ಕುಗ್ಗಿಸದ ಪೂರ್ತಿ ಮಾಹಿತಿಯಾಗಿ, ಸಣ್ಣ ತಪ್ಪು ತಿದ್ದಲು ಅವಕಾಶ ಇರುತ್ತದೆ.

ಎಚ್ಚರ: ಕೆಲವು ಉದ್ದ ಲೆನ್ಸುಗಳ ಬದಿಯಲ್ಲಿ ಫೋಕಸ್ ಲಿಮಿಟ್ ಸ್ವಿಚ್ ಇರುತ್ತದೆ. ಇಷ್ಟು ದೂರದಿಂದ ಆಚೆಗೆ ಮಾತ್ರ ಹುಡುಕು ಅಂತ ಲೆನ್ಸಿಗೆ ಹೇಳುವ ಸ್ವಿಚ್. ಹಾರಾಟಕ್ಕೆ ಒಳ್ಳೆಯದು. ಹತ್ತಿರದ ಹಕ್ಕಿಗೆ ಫೋಕಸ್ ಆಗುತ್ತಿಲ್ಲ, ಲೆನ್ಸ್ ಕೆಟ್ಟಿದೆ ಅಂತ ಸರ್ವಿಸ್ ಸೆಂಟರಿಗೆ ಓಡುವ ಮುನ್ನ ಅದನ್ನೊಮ್ಮೆ ನೋಡಿ.

ಹಂತ 7: ಹತ್ತಿರ ಹೋಗುವುದು

ಸಮಯ: ಸೂರ್ಯ ಹುಟ್ಟಿದ ಮೇಲಿನ ಎರಡು ಗಂಟೆ, ಮುಳುಗುವ ಮುಂಚಿನ ಒಂದು ಗಂಟೆ. ಬೆಳಕು ಓರೆಯಾಗಿ ಬಿದ್ದು ಕಣ್ಣಿನಲ್ಲಿ ಹೊಳಪು ಮೂಡುತ್ತದೆ. ಬಿಸಿಲೇರಿದ ಮೇಲೆ ಬಯಲಿನ ಗಾಳಿ ಕುದಿಯಲು ಶುರುವಾಗುತ್ತದೆ. ಉದ್ದ ಲೆನ್ಸಿನಲ್ಲಿ ದೂರದ ಹಕ್ಕಿ ಎಲ್ಲ ಫೋಟೊದಲ್ಲೂ ಮಸುಕಾಗಿ ಬಂದರೆ ಲೆನ್ಸನ್ನು ಬೈಯಬೇಡಿ, ಗಡಿಯಾರ ನೋಡಿ.

ಸೂರ್ಯ ನಿಮ್ಮ ಬೆನ್ನಿಗಿರಲಿ. ಗಾಳಿಯೂ ಬೆನ್ನಿಗಿದ್ದರೆ ಇನ್ನೂ ಒಳ್ಳೆಯದು. ಹಕ್ಕಿಗಳು ಗಾಳಿಗೆ ಎದುರಾಗಿ ಏರುತ್ತವೆ, ಎದುರಾಗಿಯೇ ಇಳಿಯುತ್ತವೆ. ಗಾಳಿ ನಿಮ್ಮ ಬೆನ್ನಿನಿಂದ ಬೀಸುತ್ತಿದ್ದರೆ ಅವು ನಿಮ್ಮ ಕಡೆ ಮುಖ ಮಾಡಿ ಹಾರುತ್ತವೆ.

ನೇರವಾಗಿ ಹಕ್ಕಿಯ ಕಡೆ ನಡೆಯಬೇಡಿ. ಅದರ ಕಣ್ಣಿಗೆ ನೀವು ಬೇಟೆಗೆ ಬಂದ ಪ್ರಾಣಿ. ಓರೆಯಾಗಿ, ಬೇರೆಲ್ಲೋ ಹೋಗುತ್ತಿರುವವರ ಹಾಗೆ ನಡೆಯಿರಿ. ಒಂದಷ್ಟು ಹೆಜ್ಜೆ, ನಿಲ್ಲಿ, ಒಂದು ಫೋಟೊ, ಮತ್ತೆ ಒಂದಷ್ಟು ಹೆಜ್ಜೆ. ಹಕ್ಕಿ ತಿನ್ನುವುದನ್ನು ನಿಲ್ಲಿಸಿತಾ, ಕತ್ತು ಉದ್ದ ಮಾಡಿತಾ, ಮೈ ಬಿಗಿಹಿಡಿಯಿತಾ? ಅಲ್ಲೇ ನಿಂತುಬಿಡಿ. ಅದು ಮತ್ತೆ ಪುಕ್ಕ ತೀಡಿಕೊಳ್ಳಲು ಶುರು ಮಾಡುವ ತನಕ ಕಾಯಿರಿ. ಟಿಟ್ಟಿಭ ಕೂಗಲು ಶುರು ಮಾಡಿದರೆ ಆ ಕಡೆಯ ಆಟ ಮುಗಿಯಿತು. ಅದು ಸುತ್ತಲಿನ ಎಲ್ಲ ಹಕ್ಕಿಗೂ ಸುದ್ದಿ ಕೊಟ್ಟಾಗಿರುತ್ತದೆ.

ಇದಕ್ಕಿಂತ ಒಳ್ಳೆಯ ದಾರಿ, ಹೋಗದೆ ಕೂರುವುದು. ಮಿಂಚುಳ್ಳಿಗೆ ಮೀನು ಹಿಡಿಯಲು ಇಷ್ಟದ ಕೊಂಬೆ ಇರುತ್ತದೆ. ಅಲ್ಲಿಂದ ಎದ್ದರೂ ಮತ್ತೆ ಅಲ್ಲಿಗೇ ಬರುತ್ತದೆ. ಕಳ್ಳಿಪೀರ ಹುಳ ಹಿಡಿದು ಅದೇ ತಂತಿಗೆ ವಾಪಸ್ಸಾಗುತ್ತದೆ. ನಮ್ಮ ರಾಜ್ಯದ ಹಕ್ಕಿ ನೀಲಕಂಠವೂ ಹೊಲದಂಚಿನ ಕಂಬದಿಂದ ನೆಲಕ್ಕಿಳಿದು ಮತ್ತೆ ಕಂಬಕ್ಕೇ ಹೋಗುತ್ತದೆ. ಮೊದಲ ಸಲ ಬರೀ ನೋಡಿ. ಎಲ್ಲಿ ಕೂರುತ್ತದೆ, ಯಾವ ಕಡೆಯಿಂದ ಬರುತ್ತದೆ ಅಂತ ತಿಳಿದುಕೊಳ್ಳಿ. ಹಕ್ಕಿ ಎದ್ದುಹೋದಾಗ ಒಳ್ಳೆಯ ಬೆಳಕಿನ ಕಡೆ ಜಾಗ ಬದಲಿಸಿ ಕೂತುಬಿಡಿ. ಫೋಕಸನ್ನು ಆ ಕೊಂಬೆಗೆ ಮಾಡಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ. ಈ ಕಾಯುವ ಹೊತ್ತಿನಲ್ಲೇ ದುರ್ಬೀನು ಉಪಯೋಗಕ್ಕೆ ಬರುವುದು. ನಿಜ ಹೇಳಬೇಕೆಂದರೆ ಈ ಹವ್ಯಾಸದ ಮಜಾ ಇರುವುದೂ ಇಲ್ಲೇ. ಎರಡು ಮಿಂಚುಳ್ಳಿ ಒಂದು ಕೊಂಬೆಗಾಗಿ ಜಗಳ ಆಡುವುದನ್ನು ನೋಡುತ್ತಾ ಫೋಟೊ ತೆಗೆಯುವುದೇ ಮರೆತುಹೋದರೆ ಏನೂ ನಷ್ಟವಿಲ್ಲ.

ಕೆಳಗಿಳಿಯಿರಿ. ನೀರಂಚಿನ ಹಕ್ಕಿಯನ್ನು ನಿಂತು ಮೇಲಿನಿಂದ ತೆಗೆದರೆ ಹಿನ್ನೆಲೆ ಪೂರ್ತಿ ಕೆಸರು. ಕೂತು, ಸಾಧ್ಯವಾದರೆ ಮಲಗಿ, ಅದರ ಕಣ್ಣಿನ ಮಟ್ಟಕ್ಕೆ ಬಂದರೆ ಹಿನ್ನೆಲೆ ದೂರ ಸರಿದು ಮೃದುವಾಗುತ್ತದೆ. ಹೊಸ ಲೆನ್ಸಿಗಿಂತ ಹಳೆಯ ಪ್ಯಾಂಟು ಇಲ್ಲಿ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಬಯಲಿನಲ್ಲಿ ಕಾರೇ ಮರೆ. ಎಂಜಿನ್ ಆರಿಸಿ ಒಳಗೇ ಕೂತರೆ ಹಕ್ಕಿಗಳು ಅಷ್ಟಾಗಿ ಹೆದರುವುದಿಲ್ಲ. ಬಾಗಿಲು ತೆಗೆದಿರೋ, ಹಾರಿದವು. ಕಿಟಕಿಯ ಮೇಲೆ ಲೆನ್ಸ್ ಇಡಲು ಖಾಲಿ ಬಟ್ಟೆ ಚೀಲ ಒಯ್ದು, ಹೋದ ಊರಿನಲ್ಲಿ ಅಕ್ಕಿಯನ್ನೋ ಕಡಲೆಯನ್ನೋ ತುಂಬಿಸಿ ಕಟ್ಟಿಕೊಳ್ಳಿ. ಕೈಯಲ್ಲಿ ಹಿಡಿಯುವಾಗ ಎಡಗೈ ಲೆನ್ಸಿನ ಅಡಿಗೆ, ಮೊಣಕೈ ಪಕ್ಕೆಗೆ ಒತ್ತಿರಲಿ.

ಹಾರಾಟಕ್ಕೆ ಮೊದಲ ಪಾಠ ಹದ್ದು, ಬೆಳ್ಳಕ್ಕಿ. ನಿಧಾನ, ದೊಡ್ಡದು, ಎಲ್ಲೆಲ್ಲೂ ಇವೆ. ಜೂಮ್ ಕಡಿಮೆ ಇಟ್ಟು ಹಕ್ಕಿಯನ್ನು ಚೌಕಟ್ಟಿಗೆ ತಂದುಕೊಂಡು, ಆಮೇಲೆ ಹಿಗ್ಗಿಸಿ. ಸೊಂಟದಿಂದ ತಿರುಗಿ, ತೋಳಿನಿಂದ ಅಲ್ಲ. ಶಟರ್ ಬಿಟ್ಟ ಮೇಲೂ ಲೆನ್ಸ್ ತಿರುಗುತ್ತಿರಲಿ.

ಹಂತ 8: ಕಾಲ ನೋಡಿ ಹೊರಡಿ

ಅಕ್ಟೋಬರಿನಿಂದ ಮಾರ್ಚ್ ತನಕ ಉತ್ತರದಿಂದ ವಲಸೆ ಹಕ್ಕಿಗಳು ಬಂದಿರುತ್ತವೆ. ಕೆರೆ, ಬಯಲು, ಮಾಗಡಿ, ಹೆಸರಘಟ್ಟ ಎಲ್ಲಕ್ಕೂ ಇದೇ ಕಾಲ. ಬೇಸಿಗೆಗೆ ರಂಗನತಿಟ್ಟು, ಕೊಕ್ಕರೆ ಬೆಳ್ಳೂರು. ಮರಿಗಳಿಗೆ ಉಣಿಸುವ ಗಲಾಟೆ ಜೋರಾಗಿರುತ್ತದೆ. ಮಳೆಗಾಲದಲ್ಲಿ ಮನೆಯಲ್ಲಿ ಕೂರಬೇಕಿಲ್ಲ. ಶಿವಮೊಗ್ಗ-ತೀರ್ಥಹಳ್ಳಿ ದಾರಿಯ ಮಂಡಗದ್ದೆಯಲ್ಲಿ, ಸೊರಬ ತಾಲ್ಲೂಕಿನ ಗುಡವಿಯಲ್ಲಿ ಆಗಲೇ ಹಕ್ಕಿಗಳು ಸೇರುವುದು. ಊರಂಚಿನ ಜಾಲಿ, ಈಚಲ ಮರದಲ್ಲಿ ಗೀಜಗ ಗೂಡು ಹೆಣೆಯುವುದೂ ಮಳೆ ಬಂದ ಮೇಲೆಯೇ.

ಹಂತ 9: ಮಾಡಬಾರದ್ದು

ಒಂಟಿ ಗೂಡಿನ ಫೋಟೊ ಬೇಡ. ಚೆನ್ನಾಗಿ ಕಾಣಲಿ ಅಂತ ಒಂದು ಎಲೆ ಸರಿಸಿದರೆ ಮರಿಗೆ ಬಿಸಿಲು ಬೀಳುತ್ತದೆ, ಕಾಗೆಗೆ ದಾರಿ ಸಿಗುತ್ತದೆ. ರಂಗನತಿಟ್ಟಿನಂಥ ಕಡೆ ಗೂಡುಗಳೇ ಇದ್ದರೂ ದೋಣಿಯ ದೂರ ಹಕ್ಕಿಗಳಿಗೆ ರೂಢಿಯಾಗಿದೆ. ಅಲ್ಲೂ "ಇನ್ನೂ ಹತ್ತಿರ ತಗೊಳ್ಳಿ" ಅಂತ ದೋಣಿಯವರನ್ನು ಪೀಡಿಸಬೇಡಿ.

ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು ಈಗ ಪಿಡುಗಾಗಿದೆ. ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂತೆಂದು ಹಕ್ಕಿ ತಿನ್ನುವುದು ಬಿಟ್ಟು ಓಡಿಬರುತ್ತದೆ. ದಿನಾ ಹತ್ತು ಜನ ಹೀಗೆ ಮಾಡಿದರೆ ಅದರ ಪಾಡೇನು? ಗೂಬೆಗೆ ರಾತ್ರಿ ಫ್ಲ್ಯಾಶ್ ಹೊಡೆಯುವುದೂ ಇದೇ ಸಾಲಿನದು. ಅಪರೂಪದ ಹಕ್ಕಿ ಸಿಕ್ಕರೆ ಫೋಟೊ ಹಂಚಿಕೊಳ್ಳಿ, ಜಾಗ ಹೇಳಬೇಡಿ. ಎರ್ಲಡ್ಡಿನಂಥ ಅಳಿವಿನಂಚಿನ ಹಕ್ಕಿಯ ವಿಷಯದಲ್ಲಂತೂ ಬಾಯಿ ಬಿಡಲೇಬೇಡಿ. ಮೊಬೈಲ್ ಮತ್ತು ಕ್ಯಾಮೆರಾದಲ್ಲಿ ಜಿಪಿಎಸ್ ಗುರುತು ಆಫ್ ಮಾಡಿಡಿ. ಅಭಯಾರಣ್ಯದೊಳಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಮಗೂ 600 ಎಂಎಂ ಲೆನ್ಸಿಗೂ ಒಂದೇ.

ಹಂತ 10: ಮನೆಗೆ ಬಂದ ಮೇಲೆ

ಫೋಟೊ ಆರಿಸುವಾಗ ಮೊದಲು ಕಣ್ಣು ನೋಡಿ. ಕಣ್ಣು ಚೊಕ್ಕವಾಗಿಲ್ಲದ್ದನ್ನು ಅಳಿಸಿಬಿಡಿ, ಮರುಕ ಬೇಡ. ಗುರುತು ಸಿಗದ ಹಕ್ಕಿಗೆ ಮರ್ಲಿನ್ ಆ್ಯಪ್ ನೆರವಾಗುತ್ತದೆ. ಕಂಡದ್ದನ್ನು ಹಕ್ಕಿ ನೋಟಗಳನ್ನು ಸೇರಿಸಿಡುವ ಜಾಲತಾಣ ಇಬರ್ಡ್‌ನಲ್ಲಿ ದಾಖಲಿಸಿದರೆ ನಿಮ್ಮ ಮಸುಕಾದ ಫೋಟೊ ಕೂಡ ಒಂದು ಪುರಾವೆಯಾಗುತ್ತದೆ.

ಕೊನೆಗೆ ಲೆನ್ಸಿನ ಆರೈಕೆ. ಕರಾವಳಿ, ಮಲೆನಾಡಿನವರು ಇದನ್ನು ಎರಡು ಸಲ ಓದಿ. ತೇವಕ್ಕೆ ಲೆನ್ಸಿನ ಒಳಗೆ ಬೂಸ್ಟು ಹಿಡಿಯುತ್ತದೆ, ಬಿಡಿಸಲು ಹೋದರೆ ಗಾಜಿನ ಲೇಪ ಹೋಗಬಹುದು. ಮಳೆಯಲ್ಲಿ ತಿರುಗಿ ಬಂದರೆ ಒರೆಸಿ, ಫ್ಯಾನಿನ ಗಾಳಿಗೆ ಪೂರ್ತಿ ಆರಿಸಿದ ಮೇಲೆ ಒಳಗಿಡಿ. ಚರ್ಮದ ಅಥವಾ ಬಟ್ಟೆಯ ಚೀಲದಲ್ಲಿ ತಿಂಗಳುಗಟ್ಟಲೆ ಬಿಡಬೇಡಿ. ದುಡ್ಡಿದ್ದರೆ ತೇವ ನಿಯಂತ್ರಿಸುವ ಡ್ರೈ ಕ್ಯಾಬಿನೆಟ್ ಕೊಳ್ಳಿ, ಅಂಕಿ 40ರಿಂದ 50 ಶೇಕಡಾ ನಡುವೆ ಇರಲಿ. ಇಲ್ಲದಿದ್ದರೆ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವ ಅಳೆಯುವ ಚಿಕ್ಕ ಮೀಟರ್ ಸಾಕು. ನೀಲಿ ಜೆಲ್ ಗುಲಾಬಿಯಾದರೆ ಅದು ನೀರು ಕುಡಿದು ತುಂಬಿದೆ ಅಂತ. ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ನೀಲಿ ಬಣ್ಣದಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆಯ ಬಾಣಲೆ ಬಳಸಬೇಡಿ, ಹಳೆಯದೊಂದನ್ನು ಇದಕ್ಕೆಂದೇ ಎತ್ತಿಡಿ.